ನಾರು ಹರಿದ ಮೇಲೆ ಅಪ್ಪ ಓದಲಿಲ್ಲ

ನಮ್ಮ ಕುಷ್ಟಗಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರಾದರೂ ನಾರುಹುಣ್ಣಿನಿಂದ ಕಾಲು ಚಾಚಿ ಪಡಸಾಲೆಯಲ್ಲಿ ಮಲಗಿರುತ್ತಾರೆ. ಹಾಗೆ ಮಲಗಿದವರು ಯಾರಾದರೂ ಇದನ್ನು ಓದಿಸಿಕೊಂಡು ಕೇಳಲಿ ಎಂದೇ ಬರೆಯುತ್ತಿದ್ದೇನೆ. ಮದ್ದು ಹೇಳುವಷ್ಟು ಬುದ್ಧಿ ನನಗಿಲ್ಲ. ನನ್ನ ಬಲಗಾಲಿನ ಮೊಣಕಾಲು ಇವತ್ತಿಗೂ ಬಾಗುವುದಿಲ್ಲ. ಕುಳಿತರೆ ಕಾಲು ಒನಕೆಯ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬಂದವರು ಎಡವುತ್ತಾರೆ, ನಾನು ಬೈಯುತ್ತೇನೆ. ಅವರಿಗೂ ರೂಢಿಯಾಗಿದೆ, ನನಗೂ ರೂಢಿಯಾಗಿದೆ. ಆದರೆ ಆ ಕಾಯಿಲೆಯಲ್ಲಿ ನಾನು ಹಂಬಲಿಸಿದ್ದು ಕಾಲಿಗಾಗಿ ಅಲ್ಲ. ಬೆಳಗ್ಗೆ ಎದ್ದ ಕೂಡಲೇ ಅಪ್ಪ ಗಟ್ಟಿಯಾಗಿ ಓದುತ್ತಿದ್ದ ಆ ದನಿಗಾಗಿ ಹಂಬಲಿಸಿದೆ. ಅದರ ಕಥೆಯೇ ಇದು.

ನಾವು ನೇಕಾರರು, ಕಥೋಲಿಕರು. ಅಜ್ಜನ ಕಾಲಕ್ಕೆ ಮುದಗಲ್ಲಿನ ಕಡೆಯಿಂದ ಬಂದು ಕುಷ್ಟಗಿಯ ಹತ್ತಿರದ ಹಳ್ಳಿಯಲ್ಲಿ ನೆಲೆ ನಿಂತವರು. ಊರಲ್ಲಿ ನಮ್ಮ ಮತದ ಮನೆ ನಮ್ಮದೊಂದೇ. ಸ್ವಾಮಿಗಳು, ಅಂದರೆ ನಮ್ಮ ಗುರುಗಳು, ವರ್ಷಕ್ಕೆ ಮೂರು ನಾಲ್ಕು ಸಲ ಕುದುರೆಯ ಮೇಲೆ ಬಂದು ನಮ್ಮ ಪಡಸಾಲೆಯಲ್ಲೇ ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಿಗೆಂದು ಅಪ್ಪನ ಕೈಗೆ ಒಂದು ಪುಸ್ತಕ ಕೊಟ್ಟಿದ್ದರು. ಆಯಾ ದಿನದ ಶುಭಸಂದೇಶದ ವಾಚನ ಅದರಲ್ಲಿ ಕನ್ನಡದಲ್ಲಿತ್ತು. ಯೇಸುಸ್ವಾಮಿ ಸತ್ತು ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ತಪಸ್ಸುಕಾಲದಲ್ಲಿ, ದಿನಕ್ಕೊಂದು ವಾಚನ. ಬೇರೆ ದಿನಗಳಲ್ಲಿ ಭಾನುವಾರದ್ದನ್ನೇ ಅಪ್ಪ ರೊಟ್ಟಿಯಂತೆ ಮುರಿದು ವಾರವಿಡೀ ಹಂಚುತ್ತಿದ್ದ. ಆಗ ಮನೆಯಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ, ನಾನು ಬರೆಯಲು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ವಾಚನಗಳನ್ನು ನಾನೂ ಅವ್ವನೂ ಕಿವಿಯಿಂದ ಕಲಿತವರು.

ಅಪ್ಪನ ಹೆಸರು ಚೌರಪ್ಪ. ಮಾತು ಕಡಿಮೆ, ಓದುವಾಗ ಮಾತ್ರ ದನಿ ಓಣಿಯ ತುದಿಗೆ ಕೇಳಬೇಕು. ಅವನದೊಂದು ಕಟ್ಟಳೆ ಇತ್ತು. ಬೆಳಗ್ಗೆ ಓದಿದ್ದರಲ್ಲಿ ಒಬ್ಬೊಬ್ಬರು ಒಂದು ಮಾತು ಹಿಡಿಯಬೇಕು, ಹೊತ್ತು ಮುಳುಗುವುದರೊಳಗೆ ಅದನ್ನು ಕೈಯಿಂದ ಮಾಡಿ ತೋರಿಸಬೇಕು. "ಕಿವ್ಯಾಗ ಹೋಗಿದ್ದು ಕೈಯಾಗ ಬರಲಿಲ್ಲಂದ್ರ ಯಾಕ ಬೇಕು ಓದು?" ಅನ್ನುತ್ತಿದ್ದ. ಒಂದು ಸಲ ಹಸಿದವರಿಗೆ ಉಣಿಸಿದ ವಾಚನ ಬಂತು. ಅವ್ವ ಅದನ್ನೇ ಹಿಡಿದಳು. ಮಧ್ಯಾಹ್ನ ಅಪ್ಪ, ಕಾಲು ಇಳಿಬಿಡಲು ನೆಲದಲ್ಲಿ ತೋಡಿದ ಮಗ್ಗದ ಕುಣಿಯಿಂದ ಎದ್ದು ಬಂದರೆ ಬುಟ್ಟಿಯಲ್ಲಿ ರೊಟ್ಟಿಯೇ ಇಲ್ಲ. ದಾರಿಯಲ್ಲಿ ಹೊರಟಿದ್ದ ಕುರಿಗಾರರನ್ನು ಕರೆದು ಎಲ್ಲ ಹಾಕಿಬಿಟ್ಟಿದ್ದಳು.

"ನನ್ನ ಪಾಲಿಂದು?" ಎಂದ ಅಪ್ಪ.

"ನೀವ ಓದಿದ್ರೆಲ್ಲಾ. ಇನ್ನೊಮ್ಮೆ ಓದ್ರಿ, ಹೊಟ್ಟಿ ತುಂಬತೈತಿ" ಎಂದಳು ಅವ್ವ.

ಅಪ್ಪ ನಗುತ್ತಾ ನೀರು ಕುಡಿದು ಮತ್ತೆ ಕುಣಿಗೆ ಇಳಿದ. ಇಂಥ ಮನೆ ನಮ್ಮದು.

ನನಗೆ ಹದಿನಾರು ತುಂಬಿದ ವರ್ಷ, ತಪಸ್ಸುಕಾಲ ಇನ್ನೂ ಶುರುವಾಗಿರಲಿಲ್ಲ, ಬಲಗಾಲಿನಲ್ಲಿ ಮೊಣಕಾಲಿನ ಪಕ್ಕಕ್ಕೇ ಒಂದು ಬೊಬ್ಬೆ ಎದ್ದಿತು. ಅಯ್ಯೋ ದೇವರೇ, ಆ ಉರಿ! ಕೆಂಡ ಇಟ್ಟು ಮೇಲೆ ಬಟ್ಟೆ ಕಟ್ಟಿದಂತೆ. ಬೊಬ್ಬೆ ಒಡೆದಾಗ ಒಳಗಿಂದ ಬಿಳಿಯ ನೂಲಿನ ತುದಿಯೊಂದು ಹೊರಗೆ ಇಣುಕಿತು. ಅದೇ ನಾರು, ಜೀವವಿರುವ ಹುಳು. ಊರಿನವರೆಲ್ಲ ಮೆಟ್ಟಿಲ ಬಾವಿಗೆ ಮೊಣಕಾಲುದ್ದ ಇಳಿದು ಕೊಡ ತುಂಬುತ್ತಿದ್ದೆವು, ಅದೇ ನೀರು ಕುಡಿಯುತ್ತಿದ್ದೆವು. ಆ ನೀರಿನಿಂದಲೇ ಇದು ಬರುತ್ತದೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಅವ್ವ ಕಸಬರಿಗೆಯ ಕಡ್ಡಿಯೊಂದನ್ನು ಮುರಿದು, ನಾರಿನ ತುದಿಯನ್ನು ಅದಕ್ಕೆ ಸುತ್ತಿ, ಬಟ್ಟೆಯ ಚೂರಿನಿಂದ ಕಾಲಿಗೆ ಕಟ್ಟಿದಳು. ದಿನಾ ಬೆಳಗ್ಗೆ ತಣ್ಣೀರು ಹುಯ್ದು ಕಡ್ಡಿಯನ್ನು ಒಂದಿಷ್ಟೇ ತಿರುಗಿಸುವುದು. ನಾರು ಬಂದಷ್ಟು ಬರಲಿ, ಎಳೆಯಬಾರದು. ಎಳೆದರೆ ಒಳಗೇ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸವಾಗಿತ್ತು. ಆ ನೂಲು ಹರಿದರೆ ಗಂಟು ಹಾಕಬಹುದು, ಇದಕ್ಕೆ ಗಂಟಿಲ್ಲ.

"ಅಳಬ್ಯಾಡ ತೆರೇಸಿ. ಇದೂ ಒಂದು ಕಂಡಿಕಿ ಅಂತ ತಿಳಕೋ. ಪೂರಾ ಸುತ್ತಿದ ಮ್ಯಾಲ ನಿಮ್ಮಪ್ಪಗ ಕೊಡೂಣು, ಸೀರಿ ನೇಯ್ತಾನ" ಎಂದು ಅವ್ವ ನಗಿಸುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ತಪಸ್ಸುಕಾಲ ಬಂತು. ಅಪ್ಪ ಪುಸ್ತಕ ತಂದು ನನ್ನ ಚಾಪೆಯ ಪಕ್ಕದಲ್ಲೇ ಕುಳಿತು ಓದತೊಡಗಿದ. ಉರಿಯಿಂದ ನಿದ್ದೆಯಿಲ್ಲದೆ ರಾತ್ರಿ ಕಳೆದು, ಬೆಳಕು ಹರಿದು, ಆ ದನಿ ಏಳುತ್ತಿದ್ದ ಹಾಗೆ ನನಗೆ ಉಸಿರು ಸರಾಗವಾಗುತ್ತಿತ್ತು. ಕುಂಟರು, ಕುರುಡರು, ಜ್ವರದಲ್ಲಿ ಬಿದ್ದವರು, ಎಲ್ಲರೂ ನಮ್ಮ ಪಡಸಾಲೆಗೇ ಬಂದು ಕುಳಿತ ಹಾಗಾಗುತ್ತಿತ್ತು. ಮಲಗಿದ್ದವಳು ನಾನೊಬ್ಬಳೇ ಅಲ್ಲ ಅನ್ನಿಸುತ್ತಿತ್ತು.

ಮೊದಲ ಶುಕ್ರವಾರ ಬಂದ ವಾಚನ ಕೊಳದ್ದು. ಕೊಳದ ದಂಡೆಯಲ್ಲಿ ರೋಗಿಗಳು ಮಲಗಿದ್ದಾರೆ, ನೀರು ಕದಡಿದಾಗ ಮೊದಲು ಇಳಿದವನಿಗೆ ಗುಣ. ಒಬ್ಬನು ವರ್ಷಗಟ್ಟಲೆ ಬಿದ್ದುಕೊಂಡಿದ್ದಾನೆ, ಅವನನ್ನು ಇಳಿಸುವವರು ಯಾರೂ ಇಲ್ಲ. ಯೇಸುಸ್ವಾಮಿ ಬಂದು, ಗುಣವಾಗಬೇಕೇನು ಎಂದು ಕೇಳಿ, ಎದ್ದು ಹಾಸಿಗೆ ಎತ್ತಿಕೊಂಡು ನಡೆ ಅನ್ನುತ್ತಾರೆ. ಅವನು ನಡೆಯುತ್ತಾನೆ. ಅಪ್ಪ ಅಷ್ಟು ಓದಿ ನಿಲ್ಲಿಸಿದ. ಪುಸ್ತಕದ ಮೇಲಿಂದ ನನ್ನನ್ನು ನೋಡಿದ. ಅವನ ಕಣ್ಣು ತುಂಬಿದ್ದವು.

"ತೆರೇಸಿ, ಇವತ್ತಿನ ಮಾತು ನಿಂದವ್ವ. ಏಳು."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಏನ್ರೀ ನೀವು! ನಾರು ಅರ್ಧಾ ಒಳಗ ಐತಿ."

"ದಿನಾ ಓದಿ ದಿನಾ ಮಾಡೀವಿ. ಇದೊಂದನ್ನ ಹೆಂಗ ಬಿಡೂದು? ಬರೇ ಓದಿ ಮುಚ್ಚಿಡೂದ?" ಎಂದ ಅಪ್ಪ. ಹಟದಿಂದ ಹೇಳಲಿಲ್ಲ. ಅಷ್ಟು ನಂಬಿದ್ದ.

ನಾನೂ ನಂಬಿದ್ದೆ. ಯಾರೂ ನನ್ನನ್ನು ಎಳೆದು ಎಬ್ಬಿಸಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಹೊದ್ದಿದ್ದ ಕೌದಿಯನ್ನು ಸುತ್ತಿ ಹೆಗಲಿಗೇರಿಸಿ ಗೋಡೆ ಹಿಡಿದು ನಿಂತೆ. ಒಂದು ಹೆಜ್ಜೆ, ಇನ್ನೊಂದು. ನೋವಿತ್ತು, ಆದರೆ ನಡೆದೆ! ಬಾಗಿಲಾಚೆಯ ಬಿಸಿಲು ಕಂಡಿತು. ಅಪ್ಪ ಎಳೆಯ ಹುಡುಗನಂತೆ ಚಪ್ಪಾಳೆ ತಟ್ಟಿ ನಕ್ಕ. ನಾನೂ ನಕ್ಕೆ. ಅವ್ವನಿಗೂ ನಗು ಬಂತು. ಮೂವರೂ ಕೂಡಿ ಹಾಗೆ ನಕ್ಕದ್ದನ್ನು ಆಮೇಲಿನ ತಿಂಗಳುಗಳಲ್ಲಿ ಎಷ್ಟು ಸಲ ನೆನೆಸಿಕೊಂಡು ಅತ್ತೆನೋ.

ಹೊಸ್ತಿಲ ಹತ್ತಿರ ತಿರುಗುವಾಗ ಹೆಗಲ ಮೇಲಿನ ಕೌದಿಯ ತುದಿ ಜಾರಿ ಕಾಲಿಗೆ ಸುತ್ತಿಕೊಂಡಿತು. ಕಡ್ಡಿ ಅದಕ್ಕೆ ಸಿಕ್ಕಿತು. ನಾನು ಕಾಲು ಎತ್ತಿದೆ. ಚುಳ್ ಎಂದಿತು, ಅಷ್ಟೇ. ಬಗ್ಗಿ ನೋಡಿದರೆ ಕಡ್ಡಿ ಕೆಳಗೆ ಬಿದ್ದಿತ್ತು, ಹುಣ್ಣಿನ ಬಾಯಲ್ಲಿ ನಾರು ಕಾಣಿಸಲಿಲ್ಲ.

"ಹರೀತು! ಹರಕೊಂಡ್ಲು! ಯಪ್ಪಾ ದೇವರ!" ಎಂದು ಅವ್ವ ತಲೆ ತಲೆ ಬಡಿದುಕೊಂಡಳು. ಅಪ್ಪನ ಕೈಗಳು ಚಪ್ಪಾಳೆ ತಟ್ಟಿದ ಹಾಗೇ ನಿಂತಿದ್ದವು.

ಸಂಜೆಗೆ ಕಾಲು ಕುಂಬಳಕಾಯಿಯಂತೆ ಊದಿತು. ಉಮ್ಮತ್ತಿ ಎಲೆ ಬಿಸಿ ಮಾಡಿ ಕಟ್ಟಿದರು. ಜ್ವರ ಏರಿತು, ಕೀವು ತುಂಬಿತು, ನಾನು ಏನೇನೋ ಬಡಬಡಿಸತೊಡಗಿದೆನಂತೆ. ನೆರೆಯವರ ಗಾಡಿ ಬೇಡಿ ಪಡೆದು ನನ್ನನ್ನು ಕುಷ್ಟಗಿಯ ದವಾಖಾನೆಗೆ ಒಯ್ದರು. ಅದರ ಪಡಸಾಲೆಯ ತುಂಬ ಜನ. ಗೋಡೆಗೆ ಒರಗಿಸಿ ನನ್ನನ್ನು ಮಲಗಿಸಿದರು. ಪಕ್ಕದಲ್ಲಿ ಒಬ್ಬಳು ಮುಸಲ್ಮಾನ ಮುದುಕಿ ಇದ್ದಳು. ಅವಳಿಗೆ ನಾರು ಬಂದದ್ದು ಹೆಗಲಿಗೆ.

"ಬೇಟೀ, ನಿಂಗ ಕಾಲಿಗೆ ಬಂದೈತಿ, ನಂಗ ಕೊಡ ಹೊರೂ ಹೆಗಲಿಗೆ ಬಂದೈತಿ. ಈಗ ಸೊಸಿ ನೀರು ತರ್ತಾಳ, ನಾ ಕುಂತು ಉಣ್ತೀನಿ" ಎಂದು ನಕ್ಕು, ತನ್ನ ತಲೆಯಡಿಯ ಗಂಟನ್ನು ತೆಗೆದು ನನ್ನ ಕಾಲಡಿ ಇಟ್ಟಳು. ಅವಳ ಹೆಸರು ಕೇಳಲು ನನಗೆ ಎಚ್ಚರವಿರಲಿಲ್ಲ. ಆ ಗಂಟಿನ ಮೆತ್ತನೆಯ ಸುಖ ಇನ್ನೂ ನೆನಪಿದೆ.

ಡಾಕ್ಟರು ಹೈದರಾಬಾದಿನ ಕಡೆಯವರು. ಕೀವು ತೆಗೆಯಲು ಕೊಯ್ದರು. ಆ ನೋವಿನ ಸಂಗತಿ ಬೇಡ. ಆಮೇಲೆ ಕೈ ತೊಳೆಯುತ್ತಾ ಕೇಳಿದರು, "ಕಡ್ಡಿ ಕಟ್ಟಿದ ಕಾಲಿಂದ ನಡೀಲಿಕ್ಕೆ ಯಾರು ಹೇಳಿದ್ರು?"

"ನಾನ ಹೇಳೀನ್ರಿ, ಸಾಹೇಬ್ರ" ಎಂದ ಅಪ್ಪ. ಪುಸ್ತಕದ ಹೆಸರೆತ್ತಲಿಲ್ಲ.

"ಕುಡಿಯೋ ನೀರು ಬಟ್ಟೆಯಲ್ಲಿ ಸೋಸ್ತೀರೇನು?"

"ಇಲ್ರಿ."

"ಈ ಹುಳ ನೀರಿನಿಂದ ಬರ್ತದೆ. ನೇಕಾರರು ಅಂತೀರಿ, ಮನೇಲಿ ಒಂದು ತುಂಡು ಬಟ್ಟೆ ಇಲ್ವೇನ್ರಿ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸದೆ ಯಾರೂ ಒಂದು ಗುಟುಕು ನೀರು ಕುಡಿದಿಲ್ಲ. ಓದುವವರೇ, ಮದ್ದು ಹೇಳುವುದಿಲ್ಲ ಅಂದೆನಲ್ಲ, ಇದೊಂದನ್ನು ಹೇಳುತ್ತೇನೆ. ನೀರು ಸೋಸಿ ಕುಡಿಯಿರಿ.

ಮರುದಿನ ಬೆಳಗ್ಗೆ ದವಾಖಾನೆಯಲ್ಲಿ ಎಚ್ಚರವಾದಾಗ ನಾನು ಕಣ್ಣು ಮುಚ್ಚಿಕೊಂಡೇ ಕಾದೆ. ಈಗ ಓದುತ್ತಾನೆ, ಈಗ ಓದುತ್ತಾನೆ ಎಂದು. ಏನೂ ಕೇಳಿಸಲಿಲ್ಲ. "ಅಪ್ಪಾ, ಪುಸ್ತಕ?" ಎಂದೆ. "ಮರತ ಬಂದೀನವ್ವ" ಎಂದ. ಅಪ್ಪ ಪುಸ್ತಕ ಮರೆಯುವವನಲ್ಲ.

ಮನೆಗೆ ಬಂದೆವು. ಪುಸ್ತಕ ಗೋಡೆಯ ಗೂಡಿನಲ್ಲಿ, ಅದರ ಮಾಡದಲ್ಲೇ ಇತ್ತು, ಅದರ ಮೇಲೆ ಜಪಸರ ಸುತ್ತಿಟ್ಟಿತ್ತು. ಬೆಳಗಾದರೆ ನೇರವಾಗಿ ಮಗ್ಗದ ಸದ್ದು ಶುರುವಾಗುತ್ತಿತ್ತು. ಅವ್ವ ಒಂದು ದಿನ ತಡೆಯಲಾರದೆ ಕೇಳಿದಳು. "ಓದಂಗಿಲ್ಲೇನ್ರಿ?"

"ನನ್ನ ಬಾಯಿಂದ ಬಂದ ಮಾತಿಗೆ ನನ್ನ ಮಗಳ ಕಾಲು ಹೋತು. ಅದ ಬಾಯಿಲೆ ಇನ್ನ ಓದಲೇನು? ಆಗೂದಿಲ್ಲ. ಮತ್ತ ಕೇಳಬ್ಯಾಡ" ಎಂದ. ಅವ್ವ ಮತ್ತೆ ಕೇಳಲಿಲ್ಲ.

ತಪಸ್ಸುಕಾಲ ಹಾಗೇ ಕಳೆಯಿತು. ಪಾಸ್ಕಕ್ಕೆ ಪ್ರತಿ ವರ್ಷ ನಾವು ಗಾಡಿ ಹೂಡಿಕೊಂಡು ಮುದಗಲ್ಲಿನ ದೇವಾಲಯಕ್ಕೆ ಹೋಗುತ್ತಿದ್ದೆವು. ಆ ವರ್ಷ ಹೋಗಲಿಲ್ಲ. ಪಾಸ್ಕದ ಬೆಳಗ್ಗೆ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೆಲಸ ಮಾಡದೆ, ಸುಮ್ಮನೆ ಕುಳಿತಿದ್ದ. ನಾನು ಚಾಪೆಯ ಮೇಲಿಂದ ಅವನ ಬೆನ್ನು ನೋಡುತ್ತಿದ್ದೆ. ಗಾಯ ಮಾಗಿತು, ಮೊಣಕಾಲು ಮರಗಟ್ಟಿ ನಿಂತಿತು. ನನಗೆ ಬಂದಿದ್ದ ಸಂಬಂಧದ ಮಾತು ತಾನಾಗಿಯೇ ನಿಂತಿತು. ಅದಕ್ಕೆ ಅತ್ತವಳು ಅವ್ವ. ನಾನು ಅಳುತ್ತಿದ್ದುದು ಬೆಳಗಿನ ಹೊತ್ತು, ಮಗ್ಗದ ಸದ್ದು ಕೇಳಿದಾಗ.

ಮುಂಗಾರಿಗೆ ಮುಂಚೆ ಸ್ವಾಮಿಗಳು ಬಂದರು. ನನಗೆ ಮಲಗಿದಲ್ಲೇ ಪರಮಪ್ರಸಾದ ಕೊಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡಾಗ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಅವರು ಹೊರಡುವ ಹೊತ್ತಿಗೆ ಅಪ್ಪ ಪುಸ್ತಕ ತಂದು ಅವರ ಮುಂದೆ ಹಿಡಿದ.

"ಒಯ್ಯಿರಿ ಸ್ವಾಮಿ. ಬ್ಯಾರೇದವರ ಮನಿಗೆ ಕೊಡ್ರಿ. ನಾ ಇದನ್ನ ಹಿಡೀಲಿಕ್ಕೆ ತಕ್ಕಾಂವ ಅಲ್ಲ."

ಸ್ವಾಮಿಗಳು ನನ್ನ ಕಾಲನ್ನು ನೋಡಿದರು, ಅಪ್ಪನನ್ನು ನೋಡಿದರು. "ಚೌರಪ್ಪ, ಇದು ನಿಮ್ಮ ಮನೆಯ ಪುಸ್ತಕ. ಇಲ್ಲೇ ಇರಲಿ" ಎಂದಷ್ಟೇ ಹೇಳಿ ಕುದುರೆ ಏರಿದರು. ಒಂದು ಮಾತು ಗದರಿ ಓದಿಸಬಾರದಿತ್ತೇ ಎಂದು ನನಗೆ ಅವರ ಮೇಲೂ ಸಿಟ್ಟು ಬಂತು. ಪುಸ್ತಕ ಮತ್ತೆ ಮಾಡಕ್ಕೆ ಹೋಯಿತು.

ಮಳೆ ಹಿಡಿಯಿತು. ನಾನು ಕುಳಿತು ಕಂಡಿಕೆ ಸುತ್ತುವಷ್ಟಾದೆ. ಅಪ್ಪನ ಮಗ್ಗದ ಪಕ್ಕದಲ್ಲೇ ಕಾಲು ಚಾಚಿ ಕುಳಿತು ಸುತ್ತುವುದು. ಸುತ್ತುತ್ತಾ ಸುತ್ತುತ್ತಾ ನೆನಪಿದ್ದ ವಾಚನಗಳನ್ನು ನನಗೆ ನಾನೇ ಹೇಳಿಕೊಳ್ಳತೊಡಗಿದೆ. ಬಾಯಾರಿದವರು ಖಾಲಿ ಕೊಡ ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೆ. ಎಷ್ಟು ಮರೆತಿದ್ದೆನೆಂದರೆ ಭಯವಾಯಿತು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತಿತ್ತು, ಬೆಟ್ಟದ ಮೇಲೆ ಆದದ್ದು ದೋಣಿಯಲ್ಲಿ ಆಗುತ್ತಿತ್ತು. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ನನ್ನೊಳಗೆ ಏನೂ ಉಳಿಯುವುದಿಲ್ಲ ಅನ್ನಿಸಿತು.

ಒಂದು ದಿನ ರೊಟ್ಟಿ ಹಂಚಿದ ವಾಚನ ಹೇಳಿಕೊಳ್ಳುತ್ತಿದ್ದೆ. "ಐದು ರೊಟ್ಟಿ, ಮೂರು ಮೀನು..."

ಮಗ್ಗ ನಿಂತಿತು. ಕುಣಿಯೊಳಗಿಂದ ದನಿ ಬಂತು. "ಎಲ್ಡು ಮೀನು."

ಅವ್ವ ಒಲೆಯ ಕಡೆಯಿಂದ ಕತ್ತು ಉದ್ದ ಮಾಡಿ ನನ್ನನ್ನು ನೋಡಿದಳು. ಲಾಳಿ ಮತ್ತೆ ಓಡಿತು, ಮಾತು ಅಷ್ಟಕ್ಕೇ ನಿಂತಿತು.

ನಾನೇನು ಕಡಿಮೆಯೇ? ಮರುದಿನ ಬೇಕೆಂದೇ ತಪ್ಪು ಹೇಳಿದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿತು ಅನ್ನುವ ಬದಲು ಎಣ್ಣೆ ತೀರಿತು ಅಂದೆ. ಮಗ್ಗ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಬೇಕಂತ ತಪ್ಪು ಹೇಳೂದು ನನಗ ತಿಳೀತೈತಿ" ಎಂದ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಗೋಡೆಯ ಆಚೆ ಇರುವವನ ಜೊತೆ ಮಾತಾಡಿದಂತಿತ್ತು.

ಆಮೇಲೆ ನಾನು ಆಟ ಬಿಟ್ಟೆ. ಶ್ರಾವಣದ ಒಂದು ಸಂಜೆ, ಮೋಡ ಕವಿದು ಮನೆಯೊಳಗೆ ಬೇಗ ಕತ್ತಲಾಗುತ್ತಿತ್ತು. ನನಗೆ ಯಾಕೋ ಎಮ್ಮಾವು ಎಂಬ ಊರಿನ ದಾರಿಯ ವಾಚನ ನೆನಪಾಯಿತು. ಪಾಸ್ಕದ ಮರುದಿನ ಓದುವ ವಾಚನ ಅದು. ಆ ವರ್ಷ ಅದನ್ನು ಕೇಳಿಯೇ ಇರಲಿಲ್ಲ. ಸತ್ತುಹೋದ ಗುರುವಿಗಾಗಿ ದುಃಖಪಡುತ್ತಾ ಇಬ್ಬರು ಶಿಷ್ಯರು ದಾರಿ ನಡೆಯುತ್ತಾರೆ. ಯಾರೋ ಒಬ್ಬರು ಜೊತೆಯಾಗುತ್ತಾರೆ. ಅವರೇ ಸತ್ತು ಎದ್ದುಬಂದ ತಮ್ಮ ಯೇಸುಸ್ವಾಮಿ ಎಂದು ಇವರಿಗೆ ತಿಳಿಯುವುದಿಲ್ಲ. ನಾನು ಮೆಲ್ಲಗೆ ಹೇಳಿಕೊಳ್ಳುತ್ತಾ ಹೋದೆ. "ಊರು ಬಂತು. ಮೂವರೂ ಮನೆಯೊಳಗೆ ಹೋದರು. ಊಟಕ್ಕೆ ಕುಳಿತರು..."

"ಹಂಗಲ್ಲ" ಎಂದ ಅಪ್ಪ.

ಈ ಸಲ ನಾನು ಬೇಕೆಂದು ತಪ್ಪು ಹೇಳಿರಲಿಲ್ಲ. "ಮತ್ತ ಹೆಂಗ?" ಎಂದೆ.

"ನಡುವ ಬಿಟ್ಟಿ. ಊರು ಬಂದಾಗ ಯೇಸುಸ್ವಾಮಿ ಒಳಗ ಬರಲಿಲ್ಲ. ಮುಂದ ಹೋಗವರಂಗ ಹೊಂಟ್ರು."

"ಅಷ್ಟು ಬಿಟ್ರ ಏನಾತು?"

"ಏನಾತಂದ್ರ?" ಅಪ್ಪ ಲಾಳಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ಆ ಶುಕ್ರವಾರದ ನಂತರ ಅವನು ನನ್ನ ಮುಖವನ್ನು ನೇರವಾಗಿ ನೋಡಿದ್ದು ಆಗಲೇ. "ಎಲ್ಲಾ ಅದರಾಗ ಐತೆಲ್ಲ. ಇವರಿಬ್ರು, ಹೋಗಬ್ಯಾಡ್ರಿ, ಹೊತ್ತು ಇಳದೈತಿ, ನಮ್ಮ ಕೂಡ ಇರ್ರಿ ಅಂತ ಕರದ್ರು. ಕರದ್ರು ಅಂತ ಬಂದ್ರು. ಕರೀದಿದ್ರ ಕತ್ತಲಾಗ ಹಂಗ ಹೋಗಿಬಿಡ್ತಿದ್ರು."

ಹೊರಗೆ ಹನಿ ಬೀಳತೊಡಗಿತು. ನನಗೆ ಆಗ ಹೊಳೆಯಿತು. ಅವ್ವ ಒಮ್ಮೆ ಕೇಳಿ ಸುಮ್ಮನಾಗಿದ್ದಳು. ಸ್ವಾಮಿಗಳು ಪುಸ್ತಕ ಬಿಟ್ಟು ಹೋಗಿದ್ದರು. ನಾನು ಅತ್ತಿದ್ದೆ, ಕಾದಿದ್ದೆ, ಸಿಟ್ಟಾಗಿದ್ದೆ, ತಪ್ಪು ಹೇಳಿ ಕೆಣಕಿದ್ದೆ. ಯಾರ ಕಾಲು ಹೋಗಿತ್ತೋ ಅವಳು ಅಪ್ಪನನ್ನು ಒಂದು ಸಲವೂ ಕರೆದಿರಲಿಲ್ಲ.

"ಅಪ್ಪಾ" ಎಂದೆ. "ಹೊತ್ತು ಇಳದೈತಿ. ಆ ಕುಣ್ಯಾಗಿಂದ ಮ್ಯಾಲ ಬಾ. ನಮ್ಮ ಕೂಡ ಕುಂದ್ರು. ನಾ ಕರ್ಯಾಕತ್ತೀನಿ, ಈ ಕಾಲಿನಾಕಿ. ನನಗ ಓದು."

ಅಪ್ಪ ಲಾಳಿ ಕೆಳಗಿಟ್ಟು, ಎರಡು ಕೈಯೂರಿ, ಕುಣಿಯಿಂದ ಮೇಲೆ ಬಂದ. ಕೈ ತೊಳೆದ. ಮಾಡದಿಂದ ಪುಸ್ತಕ ತೆಗೆದು ನನ್ನ ಚಾಚಿದ ಕಾಲಿನ ಪಕ್ಕದಲ್ಲಿ ಕುಳಿತ. ಹಾಳೆ ತಿರುವಿದ. ಬಾಯಿ ತೆರೆದರೆ ದನಿಯೇ ಬರಲಿಲ್ಲ. ತುಟಿ ಮಾತ್ರ ಅಲುಗಿದವು.

ಅವ್ವ ದೀಪ ತಂದು ಅವನ ಮುಂದಿಟ್ಟಳು. ಅವಳ ಕೆನ್ನೆ ಪೂರ್ತಿ ತೋಯ್ದಿತ್ತು.

"ಜೋರಾಗಿ ಓದ್ರಿ" ಎಂದು ಗದರಿದಳು. "ಓಣಿ ತುದಿಗೆ ಕೇಳಬೇಕು."

ಅಪ್ಪ ಜೋರಾಗಿ ಓದಿದ.